ಹಳೆಯ ಪಂಪ್ ಬಂದೂಕು: ಯಾರು ಮಾಡಿದ್ದು, ಯಾವ ಕಾಲದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ವಾಡೆಗಳಲ್ಲಿ, ದೇಸಾಯಿ ಇನಾಮದಾರ ಮನೆತನಗಳಲ್ಲಿ, ತೋಟದ ಮನೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಬಂದೂಕುಗಳ ಬಗ್ಗೆ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಖಂಡೆ ಪೂಜೆಯ ಹೊತ್ತಿಗೆ, ಮತ್ತೆ ಚುನಾವಣೆ ಬಂದು ಠಾಣೆಗೆ ಬಂದೂಕು ಜಮಾ ಮಾಡಬೇಕಾದಾಗ, ಪ್ರಶ್ನೆಗಳ ಸುಗ್ಗಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಜೋಡುನಳಿಗೆಯ ಕಥೆ ಬೇರೆಯೇ ಇದೆ. ಇಲ್ಲಿರುವುದು ಪಂಪ್ ಬಂದೂಕಿನದು ಮಾತ್ರ.

## ಮೊದಲ ಸಂಗತಿಗಳು

ನಮ್ಮ ಮುತ್ಯಾನ ಕಾಲದ ಬಂದೂಕ ಐತ್ರಿ. ನಳಿಗಿ ಕೆಳಗಿನ ಕಟಗಿ ಹಿಂದಕ್ಕ ಮುಂದಕ್ಕ ಸರಿತೈತಿ. ಇದಕ್ಕ ಏನಂತಾರ?

ಅದೇ ಪಂಪ್ ಆ್ಯಕ್ಷನ್ ಬಂದೂಕು. ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ (ಕಾಡತೂಸು) ಹೊರಗೆ ಬೀಳುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ನಳಿಗೆಗೆ ಸೇರುತ್ತದೆ. ಕಾಡತೂಸುಗಳು ಕೂರುವುದು ನಳಿಗೆಯ ಕೆಳಗಿರುವ ಇನ್ನೊಂದು ಕೊಳವೆಯಲ್ಲಿ. ದೂರದಿಂದ ನೋಡಿದವರು ಇದನ್ನೇ ‘ಮೇಲೆ ಕೆಳಗೆ ಎರಡು ನಳಿಗೆ’ ಎಂದು ತಿಳಿಯುವುದುಂಟು. ಹಳಬರು ಇದನ್ನು ‘ರಿಪೀಟರ್’ ಅನ್ನುತ್ತಿದ್ದರು. ಹಳೆಯ ಪರವಾನಿಗೆಯಲ್ಲಿ ಮಾತ್ರ ಬಹಳ ಸಲ ಬರೀ ‘ಎಸ್.ಬಿ.ಬಿ.ಎಲ್.’ ಎಂದಿರುತ್ತದೆ, ಅಂದರೆ ಹಿಂದಿನಿಂದ ತುಂಬುವ ಒಂಟಿ ನಳಿಗೆ. ಪಂಪ್ ಎಂಬ ಮಾತೇ ಅಲ್ಲಿರುವುದಿಲ್ಲ. ಹಾಗಾಗಿ ಕಾಗದ ನೋಡಿ ‘ನಮ್ಮದು ಪಂಪ್ ಅಲ್ಲ’ ಎಂದು ತೀರ್ಮಾನಿಸಬೇಡಿ.

ಕೈಗೆ ತಗೊಳ್ಳೂಕಿಂತ ಮೊದಲ ಏನ್ ನೋಡಬೇಕ್ರಿ? ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ.

ಮೂವತ್ತು ವರ್ಷ ಯಾರೂ ಮುಟ್ಟಿಲ್ಲ ಎಂದರೆ ಮೂವತ್ತು ವರ್ಷದಿಂದ ಯಾರೂ ಖಾಲಿ ಮಾಡಿಲ್ಲ ಎಂದೂ ಆಗಬಹುದು. ತೋಟಾ ತುಂಬಿದೆ ಎಂದೇ ತಿಳಿದು ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ. ಬೆರಳು ಟ್ರಿಗರ್ ಕಡೆಗೆ ಹೋಗಬಾರದು. ಪಂಪ್ ಬಂದೂಕಿನಲ್ಲಿ ಎರಡು ಜಾಗ ನೋಡಬೇಕು: ನಳಿಗೆಯ ಹಿಂಬದಿಯ ಕೋಣೆ ಮತ್ತು ಕೆಳಗಿನ ಕೊಳವೆ. ಮೊದಲನೆಯದನ್ನು ನೋಡಿ ಎರಡನೆಯದನ್ನು ಮರೆತರೆ, ಹಿಡಿಯನ್ನು ಮುಂದಕ್ಕೆ ತಳ್ಳುತ್ತಿದ್ದಂತೆ ನೀವೇ ತುಂಬಿದ ಹಾಗಾಗುತ್ತದೆ.

ಇನ್ನೊಂದು ಮಾತು. ಬೀಗ ಬಿದ್ದ ಸ್ಥಿತಿಯಲ್ಲಿ ಹಿಡಿ ಹಿಂದಕ್ಕೆ ಬರುವುದಿಲ್ಲ. ಅದು ಕೆಟ್ಟಿಲ್ಲ, ಇರುವುದೇ ಹಾಗೆ. ‘ಟ್ರಿಗರ್ ಎಳೆದರೆ ಬಿಡುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲೂ ಅಮೆರಿಕದ ವಿಂಚೆಸ್ಟರ್ 97 ಮತ್ತು ಹಳೆಯ ಇಥಾಕಾ 37 ಎಂಬ ಮಾದರಿಗಳಲ್ಲಿ ಟ್ರಿಗರ್ ಒತ್ತಿಹಿಡಿದೇ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಗುಂಡು ತಾನಾಗಿ ಹಾರುತ್ತದೆ. ಬಿಡಿಸಲು ಗೊತ್ತಾಗದಿದ್ದರೆ ಪರವಾನಿಗೆ ಇರುವ ಬಂದೂಕು ವ್ಯಾಪಾರಿಯ ಕೈಯಲ್ಲಿ ಬಿಡಿಸಿ. ಪತ್ತೆ ಕೆಲಸವೆಲ್ಲ ಅದಾದ ಮೇಲೆ.

ವಾಡೇದಾಗ ಹಳೇ ಪೆಟ್ಟಿಗ್ಯಾಗ ಸಿಕ್ತು. ಲೈಸೆನ್ಸ್ ಎಲ್ಲೂ ಸಿಗವಲ್ದು. ಈಗೇನ್ ಮಾಡೂದು?

ಮೊದಲು ಕಾನೂನು, ಆಮೇಲೆ ಇತಿಹಾಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಪ್ರಕಾರ ಪರವಾನಿಗೆ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಅದು ಅಜ್ಜನದಾದರೂ. ಪರವಾನಿಗೆದಾರ ತೀರಿಕೊಂಡರೆ ಅಥವಾ ಅವಧಿ ಮುಗಿದರೆ ಬಂದೂಕನ್ನು ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಪರವಾನಿಗೆ ಪಡೆದ ವ್ಯಾಪಾರಿಯಲ್ಲಿ ಜಮಾ ಮಾಡಬೇಕೆಂದು 21ನೇ ಕಲಂ ಹೇಳುತ್ತದೆ. ಜಮಾ ಮಾಡಿದರೆ ಬಂದೂಕು ಹೋಯಿತೆಂದು ಅರ್ಥವಲ್ಲ. ವಾರಸುದಾರರು ತಮ್ಮ ಹೆಸರಿಗೆ ಪರವಾನಿಗೆ ಕೇಳಲು 2016ರ ನಿಯಮಗಳ 25ನೇ ನಿಯಮದಲ್ಲಿ ಅವಕಾಶ ಇದೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಪೊಲೀಸ್ ಆಯುಕ್ತಾಲಯ ಇರುವ ನಗರದಲ್ಲಿ ಆಯುಕ್ತರಿಗೆ. ಪರವಾನಿಗೆ ಇಲ್ಲದ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ವ್ಯಾಪಾರಿಯ ಹತ್ತಿರ ಒಯ್ಯುವುದೇ ಒಂದು ಅಪರಾಧ. ಒಬ್ಬ ವಕೀಲರನ್ನು ಕೇಳಿ, ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ರಸೀದಿ ಇಟ್ಟುಕೊಳ್ಳಿ.

ಕೊಡವರಿಗೆ ಇರುವ ವಿನಾಯಿತಿಯನ್ನು ತೋರಿಸಿ ‘ಅವರಿಗೆ ಬೇಡವಾದರೆ ನಮಗ್ಯಾಕೆ’ ಎನ್ನುವವರಿದ್ದಾರೆ. ಆ ವಿನಾಯಿತಿ ನಮ್ಮ ಕಡೆಗೆ ಇಲ್ಲ.

ಅಕ್ಷರ ಮಾಸ್ಯಾವು, ಓದಾಕ ಬರವಲ್ದು. ಮರಳುಕಾಗದ ಹಚ್ಚಿ ತಿಕ್ಕಬಹುದಾ?

ಬೇಡವೇ ಬೇಡ. ಮರಳುಕಾಗದ, ತಂತಿಬ್ರಷ್, ಲಿಂಬೆಹಣ್ಣು, ಹುಣಸೆಹಣ್ಣು ಯಾವುದೂ ಬೇಡ. ಅಚ್ಚೊತ್ತಿದ ಅಕ್ಷರ ತಾಳೆಹಾಳೆಯಷ್ಟೂ ಆಳ ಇರುವುದಿಲ್ಲ. ಒಮ್ಮೆ ತಿಕ್ಕಿ ಹೋದರೆ ಮಾಡಿದವನ ಗುರುತೂ ಹೋಯಿತು, ಜೊತೆಗೆ ‘ನಂಬರ್ ಅಳಿಸಿದ್ದಾರೆ’ ಎಂಬ ಅನುಮಾನ ಬೇರೆ ಬಂತು.

ನಮ್ಮ ಕಡೆ ಅಕ್ಷರ ಕಾಣದಿರಲು ತುಕ್ಕಿಗಿಂತ ದೊಡ್ಡ ಕಾರಣ ಕುಸುಬಿ ಎಣ್ಣೆ. ವರ್ಷವರ್ಷವೂ ಪೂಜೆಗೆ ಮುಂಚೆ ಕುಸುಬಿ ಎಣ್ಣೆಯಲ್ಲಿ ಒರೆಸಿಡುವ ರೂಢಿ. ಅದು ಗಾಳಿಗೆ ಒಣಗಿ ವಾರ್ನಿಷ್ ಆಗುವ ಎಣ್ಣೆ. ಹತ್ತಾರು ವರ್ಷದ ಪದರ ಕಂದು ಬಣ್ಣದ ಅಂಟಾಗಿ ಅಕ್ಷರದ ಗುಂಡಿಗಳನ್ನೆಲ್ಲ ತುಂಬಿಬಿಡುತ್ತದೆ. ಅದರ ಮೇಲೆ ಕುಂಕುಮ, ಅರಿಸಿನ, ವಿಭೂತಿ. ಮೆತ್ತನೆಯ ಹತ್ತಿ ಬಟ್ಟೆಗೆ ತುಸು ಸೀಮೆಎಣ್ಣೆ ಹಚ್ಚಿ ಆ ಜಾಗದ ಮೇಲೆ ಇಟ್ಟು, ಅರ್ಧ ತಾಸು ಬಿಟ್ಟು, ಮೆಲ್ಲಗೆ ಒರೆಸಿ. ಮತ್ತೆ ಇಡಿ, ಮತ್ತೆ ಒರೆಸಿ. ಹತ್ತಿರ ದೀಪ, ಬೀಡಿ ಇರಬಾರದು. ಕೊನೆಗೆ ಬಂದೂಕಿಗೆಂದೇ ಬರುವ ತೆಳು ಎಣ್ಣೆ ಸವರಿ. ಅಗಸಿ ಎಣ್ಣೆ ಮಾತ್ರ ಹಿಂಬದಿಯ ಮರಕ್ಕೆ ಒಳ್ಳೆಯದೇ, ಹಳೆಯ ಕಾರ್ಖಾನೆಗಳೂ ಹಿಡಿಗಳಿಗೆ ಅದನ್ನು ಬಳಸುತ್ತಿದ್ದವು. ಉಕ್ಕಿಗೆ ಅದೂ ಬೇಡ.

ಓದಲು ಸುಲಭದ ದಾರಿ: ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ನಳಿಗೆಗೆ ಒರಗಿಸಿದಂತೆ ಪಕ್ಕದಿಂದ ಬಿಟ್ಟು ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ. ತೆಳು ಕಾಗದ ಇಟ್ಟು ಸೀಸದಕಡ್ಡಿಯಿಂದ ಉಜ್ಜಿ ತೆಗೆದ ಅಚ್ಚು ಎಷ್ಟೋ ಸಲ ಫೋಟೊಗಿಂತ ಚೆನ್ನಾಗಿರುತ್ತದೆ.

ಗುರುತು ಎಲ್ಲೆಲ್ಲಿ ಇರ್ತಾವ?

ನಳಿಗೆಯ ಮೇಲ್ಭಾಗ ಮತ್ತು ಎಡಬದಿ, ರಿಸೀವರ್ ಎನ್ನುವ ಉಕ್ಕಿನ ಪೆಟ್ಟಿಗೆಯ ಎರಡೂ ಬದಿ, ಅದರ ಕೆಳಭಾಗದ ಮುಂತುದಿ, ನಳಿಗೆ ಪೆಟ್ಟಿಗೆಗೆ ಸೇರುವ ಸಂದು, ಹಿಡಿಯನ್ನು ಎಳೆಯುವ ಉಕ್ಕಿನ ಪಟ್ಟಿ, ಹಿಂಬದಿಯ ಬಟ್ ತಟ್ಟೆ. ಈ ಪೈಕಿ ಜನ ಹೆಚ್ಚಾಗಿ ಮರೆಯುವುದು ಎಳೆಯುವ ಪಟ್ಟಿಯನ್ನು. ವಿಂಚೆಸ್ಟರ್ 97ರ ಮಾದರಿಯ ಹೆಸರೇ ಅಲ್ಲಿರುತ್ತದೆ.

## ಹೆಸರು ಹೇಳುವುದು ಏನನ್ನು?

ನಳಿಗಿ ಮ್ಯಾಲ ಕಲಕತ್ತಾ ಕಂಪನಿ ಹೆಸರೈತಿ. ಹಂಗಾರ ಇದು ಕಲಕತ್ತಾದಾಗ ಮಾಡಿದ್ದಾ?

ಅಲ್ಲ. ಅದು ಮಾರಿದವರ ಹೆಸರು. ಬ್ರಿಟಿಷರ ಕಾಲದಲ್ಲಿ ಕಲಕತ್ತಾದ ಮ್ಯಾಂಟನ್, ಆರ್.ಬಿ. ರೊಡ್ಡಾ, ವಾಲ್ಟರ್ ಲಾಕ್, ಲಯನ್ ಅಂಡ್ ಲಯನ್, ಮುಂಬಯಿಯಲ್ಲಿ ಶಾಖೆ ಇದ್ದ ಆರ್ಮಿ ಅಂಡ್ ನೇವಿ ಮುಂತಾದವರು ಹೊರದೇಶದ ಬಂದೂಕು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದರು. ರೊಡ್ಡಾ ಹೆಸರು ಸ್ವಾತಂತ್ರ್ಯ ಹೋರಾಟದ ಇತಿಹಾಸ ಓದಿದವರಿಗೆ ಗೊತ್ತು: 1914ರ ಆಗಸ್ಟಿನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಹಾರಿಸಿಕೊಂಡು ಹೋದ 50 ಮೌಸರ್ ಪಿಸ್ತೂಲು ಈ ಅಂಗಡಿಗೇ ಬಂದ ಮಾಲು. ಮೌಸರ್ ಜರ್ಮನಿಯದು, ಅಂಗಡಿ ಕಲಕತ್ತಾದ್ದು. ನಿಮ್ಮ ಬಂದೂಕಿನ ಸಂಗತಿಯೂ ಅದೇ.

ಅಂಗಡಿಯ ಹೆಸರು ದಂಡ ಅಲ್ಲ. ಅದು ಬಂದೂಕು ಭಾರತಕ್ಕೆ ಬಂದ ದಾರಿಯನ್ನು ತೋರಿಸುತ್ತದೆ. ಆದರೆ ತಯಾರಕನನ್ನು ಹುಡುಕಲು ಕಣ್ಣನ್ನು ಪೆಟ್ಟಿಗೆಯ ಕಡೆಗೆ, ಎಳೆಯುವ ಪಟ್ಟಿಯ ಕಡೆಗೆ ತಿರುಗಿಸಿ.

ವಿಂಚೆಸ್ಟರ್ ಅಂತ ಬರದೈತಿ. ಯಾವ ವಿಂಚೆಸ್ಟರ್ ಅಂತ ಹೆಂಗ ತಿಳ್ಕೊಳ್ಳೂದು?

ಹಿಂದೆ ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಹ್ಯಾಮರ್) ಹೊರಗೆ ಕಾಣುತ್ತದೆಯೇ ನೋಡಿ. ಕಂಡರೆ ಅದು ಬಹುತೇಕ ಮಾಡೆಲ್ 97. ಹೆಸರಾಂತ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್‌ನ ವಿನ್ಯಾಸ, 1897ರಿಂದ 1957ರವರೆಗೆ ಅಮೆರಿಕದ ನ್ಯೂ ಹೇವನ್ನಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಕುದುರೆ ಕಾಣದೆ ಪೆಟ್ಟಿಗೆ ನುಣ್ಣಗೆ ಮುಚ್ಚಿಕೊಂಡಿದ್ದರೆ ಮಾಡೆಲ್ 12 ಇರಬಹುದು. 1912ರಲ್ಲಿ ಮೊದಲು 20 ಬೋರಿನಲ್ಲಿ (ಬೋರ್ ಅಂದರೆ ನಳಿಗೆಯ ಒಳಗಾತ್ರದ ಅಳತೆ) ಬಂದು, 1964ರವರೆಗೆ ಎಡೆಬಿಡದೆ ನಡೆಯಿತು. ಎರಡರಲ್ಲೂ ನಂಬರ್ ಇರುವುದು ಪೆಟ್ಟಿಗೆಯ ಕೆಳಗೆ, ಮುಂತುದಿಯಲ್ಲಿ. ಬಿಚ್ಚಿ ಎರಡು ಭಾಗ ಮಾಡುವ ಬಂದೂಕಾದರೆ ನಳಿಗೆಯ ಭಾಗದಲ್ಲೂ ಅದೇ ನಂಬರ್ ಇರಬೇಕು. ಬೇರೆ ಇದ್ದರೆ ಯಾವಾಗಲೋ ನಳಿಗೆ ಬದಲಾಗಿದೆ.

ಕುದುರೆ ಹೊರಗಿದ್ದೂ ನಂಬರ್ ಸುಮಾರು 34 ಸಾವಿರಕ್ಕಿಂತ ಕಡಿಮೆ ಇದ್ದರೆ ಅದು 97 ಅಲ್ಲ, ಅದಕ್ಕೂ ಹಿಂದಿನ ಮಾಡೆಲ್ 1893. ಕಪ್ಪು ಮದ್ದಿನ ಕಾಡತೂಸಿಗೆಂದು ಮಾಡಿದ್ದು. ಈಗಿನ ಕಾಡತೂಸು ಅದಕ್ಕೆ ಹಾಕಲೇಬಾರದು.

ಹೆಸರು ಚಲೋ ಓದಾಕ ಬರ್ತೈತಿ, ಆದ್ರ ಆ ಹೆಸರಿನ ಕಾರ್ಖಾನೆನ ಎಲ್ಲೂ ಇಲ್ಲಂತ. ಹಂಗಂದ್ರ ಡೂಪ್ಲಿಕೇಟಾ?

‘ವೆಸ್ಟರ್ನ್ ಫೀಲ್ಡ್’, ‘ರೇಂಜರ್’, ‘ಜೆ.ಸಿ. ಹಿಗಿನ್ಸ್’, ‘ರೆವೆಲೇಶನ್’ ಇವುಗಳಲ್ಲಿ ಒಂದಿದ್ದರೆ ಡೂಪ್ಲಿಕೇಟ್ ಅಲ್ಲ. ಅಮೆರಿಕದ ದೊಡ್ಡ ಅಂಗಡಿಗಳು ಕಾರ್ಖಾನೆಗಳಿಂದ ಬಂದೂಕು ಮಾಡಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದವು. ವೆಸ್ಟರ್ನ್ ಫೀಲ್ಡ್ ಮಾಂಟ್ಗೊಮರಿ ವಾರ್ಡ್ ಅಂಗಡಿಯದು, ರೇಂಜರ್ ಮತ್ತು ಜೆ.ಸಿ. ಹಿಗಿನ್ಸ್ ಸಿಯರ್ಸ್‌ನವು, ರೆವೆಲೇಶನ್ ವೆಸ್ಟರ್ನ್ ಆಟೊದ್ದು. ಮಾಡಿದವರು ಬೇರೆ. ಹಳೆಯ ವೆಸ್ಟರ್ನ್ ಫೀಲ್ಡ್ ಹಾಗೂ ರೇಂಜರ್ ಪಂಪ್‌ಗಳಲ್ಲಿ ಸ್ಟೀವನ್ಸ್ 520 ಸಿಗುತ್ತದೆ; ಮುಂದಿನ ಕಾಲದ ವೆಸ್ಟರ್ನ್ ಫೀಲ್ಡ್ 550 ಅಂದರೆ ಮಾಸ್‌ಬರ್ಗ್ 500.

ಸಿಯರ್ಸ್ ಒಂದು ಉಪಕಾರ ಮಾಡಿದೆ. ಅದರ ಬಂದೂಕುಗಳ ಮೇಲೆ ಚುಕ್ಕಿಯಿಂದ ಒಡೆದ ಸಂಖ್ಯೆ ಇರುತ್ತದೆ, ಚುಕ್ಕಿಗೆ ಮೊದಲು ಬರುವ ಮೂರಂಕಿ ತಯಾರಕನ ಗುರುತು. 583 ಇದ್ದರೆ ಹೈ ಸ್ಟ್ಯಾಂಡರ್ಡ್, 273 ಇದ್ದರೆ ವಿಂಚೆಸ್ಟರ್. ಜೆ.ಸಿ. ಹಿಗಿನ್ಸ್ ಮಾಡೆಲ್ 20 ಈ 583ರ ಗುಂಪಿನದು. ಇದನ್ನು ಬಂದೂಕಿನ ನಂಬರ್ ಎಂದು ಪರವಾನಿಗೆಯಲ್ಲಿ ಬರೆದಿಟ್ಟಿರುವುದನ್ನು ನೋಡಿದ್ದೇನೆ. ಅಂಥ ನಂಬರ್ ಸಾವಿರಾರು ಬಂದೂಕಿನ ಮೇಲೆ ಒಂದೇ ಇರುತ್ತದೆ.

ನಿಜವಾದ ನಕಲುಗಳೂ ಇವೆ. ವಾಯವ್ಯ ಗಡಿನಾಡಿನ ದರ್ರಾ ಕಡೆಯ ಕಮ್ಮಾರರು ದೊಡ್ಡ ಕಂಪನಿಗಳ ಬಂದೂಕನ್ನು ಕೈಯಿಂದಲೇ ಇಳಿಸುತ್ತಿದ್ದರು. ಕೈಕೆಲಸ ಕೆಲವೊಮ್ಮೆ ಬೆರಗಾಗುವಷ್ಟು ಚೆಂದ, ಆದರೆ ಇಂಗ್ಲಿಷ್ ಬಾರದ ಕೈ ಕೆತ್ತಿದ ಅಕ್ಷರ ತಪ್ಪುತ್ತದೆ: ಅಕ್ಷರ ತಿರುಗಿರುತ್ತದೆ, ಸಾಲು ಡೊಂಕಾಗಿರುತ್ತದೆ, ‘ವಿಂಚೆಸ್ಟರ್’ನಲ್ಲೇ ಒಂದಕ್ಷರ ಕಡಿಮೆ.

ಹೆಸರ ಇಲ್ಲ ಅಂದ್ರ? ಬರೇ ಆಕಾರ ನೋಡಿ ಹೇಳಾಕ ಬರ್ತೈತೇನು?

ಬರುತ್ತದೆ. ನನ್ನ ಮಟ್ಟಿಗೆ ಇದೇ ಹೆಚ್ಚು ನಂಬಬಹುದಾದ ದಾರಿ. ಹೆಸರು ಯಾರು ಬೇಕಾದರೂ ಕೆತ್ತಬಹುದು, ಪೆಟ್ಟಿಗೆಯ ಆಕಾರ ಬದಲಿಸುವುದು ಕಷ್ಟ.

ಮೊದಲು ಖಾಲಿ ತೋಟಾ ಎಲ್ಲಿಂದ ಹೊರಬೀಳುತ್ತದೆ ನೋಡಿ. ಬಲಬದಿಯಲ್ಲಿ ಕಿಂಡಿಯೇ ಇಲ್ಲದೆ ತುಂಬುವುದೂ ಬೀಳುವುದೂ ಕೆಳಗಿನಿಂದಲೇ ಆದರೆ ಪಟ್ಟಿ ಚಿಕ್ಕದಾಗುತ್ತದೆ: ರೆಮಿಂಗ್ಟನ್ ಮಾಡೆಲ್ 10, ರೆಮಿಂಗ್ಟನ್ 17, ಅಥವಾ 17ರ ದಾರಿಯಲ್ಲೇ ಬಂದ ಇಥಾಕಾ 37. ಮಾಡೆಲ್ 10ರಲ್ಲಿ ಸೇಫ್ಟಿ ಇರುವುದು ಟ್ರಿಗರ್ ಗಾರ್ಡಿನ ಒಳಗೆ, ಟ್ರಿಗರ್‌ನ ಮುಂದೆ. ಒಮ್ಮೆ ಕಂಡರೆ ಮರೆಯುವುದಿಲ್ಲ.

ಪೆಟ್ಟಿಗೆಯ ಬೆನ್ನ ಮೇಲೆ ಒಂಟೆಯ ಹಾಗೆ ಎರಡು ಡುಬ್ಬ ಇದ್ದರೆ ಅದು ಸ್ಟೀವನ್ಸ್ 520. ಇದೂ ಬ್ರೌನಿಂಗ್ ವಿನ್ಯಾಸವೇ, 1909ರಿಂದ ಬಂದದ್ದು. ಬೆನ್ನು ನುಣುಪಾಗಿ ಇಳಿದಿದ್ದರೆ ಅದರ ತಮ್ಮ 620 ಇರಬಹುದು. ಕುದುರೆ ಹೊರಗಿದ್ದೂ ವಿಂಚೆಸ್ಟರ್ ಅಲ್ಲವೆಂದಾದರೆ ಮಾರ್ಲಿನ್ ಎಂದು ಅನುಮಾನಿಸಿ. ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು: ಕುದುರೆ ಹೊರಗಿರುವ ತನ್ನ ಹಳೆಯ ಪಂಪ್ ಬಂದೂಕುಗಳನ್ನು ಹಾರಿಸಬೇಡಿ ಎಂದು ಮಾರ್ಲಿನ್ ಕಂಪನಿಯೇ ಸಾರಿದೆ. ಗೋಡೆಗೆ ಚೆಂದ, ಭುಜಕ್ಕೆ ಬೇಡ.

ಇನ್ನು ಆಯಸ್ಕಾಂತ. ಫ್ರಿಜ್ಜಿಗೆ ಅಂಟಿಸುವ ಸಣ್ಣದಾದರೂ ಸಾಕು. ಪೆಟ್ಟಿಗೆಗೆ ಅಂಟದಿದ್ದರೆ ಅದು ಅಲ್ಯೂಮಿನಿಯಂ. ಆಗ 1961ರಲ್ಲಿ ಬಂದ ಮಾಸ್‌ಬರ್ಗ್ 500, 1964ರ ವಿಂಚೆಸ್ಟರ್ 1200 ಇಂಥವುಗಳ ಕಡೆ ನೋಡಿ. ‘ಬ್ರಿಟಿಷ್ ಸಾಹೇಬ ಬೇಟೆಗೆ ಬಂದಾಗ ಕೊಟ್ಟದ್ದು’ ಎಂಬ ಮನೆಯ ಕಥೆ ಅಲ್ಲಿಗೆ ಮುಗಿಯಿತು.

ನಳಿಗಿ ಬುಡಕ್ಕ ಕಿರೀಟದ ಮುದ್ರಿ ಐತಿ. ಅಂದ್ರ ಇಂಗ್ಲೆಂಡಿಂದ ಹೌದಲ್ರಿ?

ಇಂಗ್ಲೆಂಡಿನಲ್ಲಿ ಪರೀಕ್ಷೆ ಆಗಿದೆ ಎಂದಷ್ಟೇ ಅರ್ಥ. ಅಲ್ಲಿ ಮಾರುವ ಬಂದೂಕು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಒತ್ತಡದ ಕಾಡತೂಸು ಹಾರಿಸಿ ಪಾಸಾಗಬೇಕು. ಅಮೆರಿಕದಿಂದ ಲಂಡನ್ನಿಗೆ ಬಂದು ಅಲ್ಲಿಂದ ಮುಂಬಯಿಗೆ ಹಡಗೇರಿದ ಬಂದೂಕಿಗೂ ಆ ಮುದ್ರೆ ಬೀಳುತ್ತಿತ್ತು. 1925ರ ನಿಯಮಗಳ ಮೇಲೆ 1950ರ ದಶಕದವರೆಗೆ ಹೊರದೇಶದ ಬಂದೂಕಿಗೆ ‘ನಾಟ್ ಇಂಗ್ಲಿಷ್ ಮೇಕ್’ ಎಂದೇ ಒತ್ತುತ್ತಿದ್ದರು. ಆ ಮೂರು ಪದ ಕಂಡರೆ ದೇಶದ ಜಗಳವೂ ಮುಗಿಯಿತು, ಕಾಲದ ಒಂದು ಅಳತೆಯೂ ಸಿಕ್ಕಿತು. ಕಿರೀಟದ ಕೆಳಗೆ ‘ಎನ್.ಪಿ.’ ಇದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆ ಆಗಿದೆ. ವಜ್ರಾಕಾರದ ಒಳಗೆ 12 ಮತ್ತು ಅದರ ಕೆಳಗೆ ‘ಸಿ’ ಇದ್ದರೆ ಅದು 12 ಬೋರಿನ ಕೋಣೆಯ ಗುರುತು.

ಅಮೆರಿಕದಲ್ಲಿ ಇಂಥ ಸರ್ಕಾರಿ ಪ್ರೂಫ್ ಹೌಸ್ ಇಲ್ಲ. ಕಾರ್ಖಾನೆಯೇ ಪರೀಕ್ಷೆ ಮಾಡಿ ತನ್ನ ಮುದ್ರೆ ಒತ್ತುತ್ತದೆ. ಮೊಟ್ಟೆಯಾಕಾರದೊಳಗೆ ‘ಡಬ್ಲ್ಯು’ ಮತ್ತು ‘ಪಿ’ ಹೆಣೆದಿದ್ದರೆ ಅದು ವಿಂಚೆಸ್ಟರ್‌ದು.

## ಕಾಲ ಕಂಡುಹಿಡಿಯುವುದು

ಇದು ಹಲಗಲಿ ಬೇಡರ ಕಾಲದ ಬಂದೂಕ ಅಂತ ನಮ್ಮೂರಾಗ ಹೇಳ್ತಾರ. ಖರೇನಾ?

ಪಂಪ್ ಬಂದೂಕಾದರೆ ಖರೆ ಅಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ ಬಂಡೆದ್ದದ್ದು 1857ರ ನವೆಂಬರಿನಲ್ಲಿ. ಅವರ ಕೈಯಲ್ಲಿದ್ದದ್ದು ಬಾಯಿಂದ ಮದ್ದು ಗುಂಡು ತುಂಬುವ ಬಂದೂಕು. ಮಾರುಕಟ್ಟೆಯಲ್ಲಿ ನಿಂತ ಮೊದಲ ಪಂಪ್ ಬಂದೂಕು, ಅಮೆರಿಕದ ಸ್ಪೆನ್ಸರ್, ಬಂದದ್ದು 1882ರಲ್ಲಿ.

‘1897’ ಅಂತ ಕೊರದಾರ. ಅಂದ್ರ 1897ರಾಗ ಮಾಡಿದ್ದು, ಹೌದಾ?

ಅದು ಮಾದರಿಯ ಹೆಸರು. 1950ರಲ್ಲಿ ಮಾಡಿದ ಬಂದೂಕಿನ ಮೇಲೂ ಅದೇ ಇರುತ್ತದೆ. ಪೇಟೆಂಟ್ ತಾರೀಖುಗಳೂ ಹೀಗೇ ಮೋಸ ಮಾಡುತ್ತವೆ. ನಾಲ್ಕೈದು ತಾರೀಖು ಸಾಲಾಗಿದ್ದರೆ ಕೊನೆಯದನ್ನು ಹಿಡಿಯಿರಿ. ಬಂದೂಕು ಅದಕ್ಕಿಂತ ಹಿಂದಿನದಾಗಿರಲಾರದು. ಎಷ್ಟು ಮುಂದಿನದು ಎಂಬುದನ್ನು ಅದು ಹೇಳುವುದಿಲ್ಲ.

ಆ ಮೇಲಿನ ಗಡಿ ಸಿಗುವುದು ಕಂಪನಿಯ ಪೂರ್ತಿ ಹೆಸರಿನಲ್ಲಿ. ಆದ್ದರಿಂದ ಹೆಸರನ್ನು ಬಿಡದೆ, ಚುಕ್ಕಿ ಕೊಮಾ ಸಮೇತ ಬರೆದುಕೊಳ್ಳಿ. ‘ಜೆ. ಸ್ಟೀವನ್ಸ್ ಆರ್ಮ್ಸ್ ಅಂಡ್ ಟೂಲ್ ಕಂಪನಿ’ ಎಂದಿದ್ದರೆ ಅದು ಸುಮಾರು 1916ರ ಒಳಗಿನದು. ಆ ಹೊತ್ತಿಗೆ ಕಂಪನಿ ಕೈಬದಲಾಗಿ ಹೆಸರಿನಿಂದ ‘ಟೂಲ್’ ಬಿದ್ದುಹೋಯಿತು. 1920ರಲ್ಲಿ ಸ್ಯಾವೇಜ್ ಅದನ್ನು ಕೊಂಡಿತು. ರೆಮಿಂಗ್ಟನ್ ಜೊತೆ ‘ಯು.ಎಂ.ಸಿ.’ ಇದ್ದರೆ 1910ರ ದಶಕದ ಕಡೆ ನೋಡಿ. ಒಂದು ಪದದ ವ್ಯತ್ಯಾಸ ಹತ್ತು ವರ್ಷವನ್ನು ಕತ್ತರಿಸಿ ಕೊಡುತ್ತದೆ.

ರೆಮಿಂಗ್ಟನ್ ಐತ್ರಿ. ನಳಿಗಿ ಎಡಕ್ಕ ಎರಡು ಸಣ್ಣ ಅಕ್ಷರ ಅದಾವು, ಏನವು?

ತಿಂಗಳು ಮತ್ತು ವರ್ಷ. ರೆಮಿಂಗ್ಟನ್ 1921ರಿಂದ ಈ ಗುಪ್ತಲಿಪಿ ಬಳಸಿತು. ಮೊದಲ ಅಕ್ಷರ ತಿಂಗಳು: ಜನವರಿಯಿಂದ ಡಿಸೆಂಬರ್ ತನಕ ಕ್ರಮವಾಗಿ ಬಿ, ಎಲ್, ಎ, ಸಿ, ಕೆ, ಪಿ, ಒ, ಡಬ್ಲ್ಯು, ಡಿ, ಇ, ಆರ್, ಎಕ್ಸ್. ಸೇರಿಸಿ ಓದಿದರೆ ‘ಬ್ಲ್ಯಾಕ್‌ಪೌಡರ್‌ಎಕ್ಸ್’, ಕಾರ್ಖಾನೆಯವರ ಚೇಷ್ಟೆ. ಎರಡನೆಯ ಅಕ್ಷರ ವರ್ಷ: 1921ಕ್ಕೆ ಎಂ, 1931ಕ್ಕೆ ಝಡ್, 1932ಕ್ಕೆ ಮತ್ತೆ ಎ. ಸುತ್ತು ಮುಗಿದ ಮೇಲೆ ಅಕ್ಷರಗಳು ಮರಳಿ ಬರುವುದರಿಂದ ‘ಎ’ ಅಂದರೆ 1932 ಆಗಬಹುದು, 1954 ಆಗಬಹುದು. ಬಿಡಿಸುವುದು ಮಾದರಿಯಿಂದ. ಮಾಡೆಲ್ 31 ನಿಂತದ್ದು 1949ರಲ್ಲಿ, 870 ಬಂದದ್ದು ಅದಾದ ಮೇಲೆ. ಹಾಗಾಗಿ 31ರ ಮೇಲೆ ‘ಎ’ ಇದ್ದರೆ 1932, 870ರ ಮೇಲೆ ಇದ್ದರೆ 1954 ಅಥವಾ ಅದಕ್ಕೂ ಮುಂದಿನ ಸುತ್ತಿನದು. ಒಂದು ಷರತ್ತು: ಇದು ನಳಿಗೆಯ ಹುಟ್ಟಿದ ದಿನ. 870ರಲ್ಲಿ ನಳಿಗೆ ಬದಲಿಸುವುದು ಐದು ನಿಮಿಷದ ಕೆಲಸ.

ನಮ್ಮ ಕಾಕಾ ಮರಾಠಾ ಪಲ್ಟನ್‌ದಾಗ ಇದ್ರು. ಮಹಾಯುದ್ಧದಿಂದ ತಂದಿದ್ದು ಅಂತಾರ. ಮಿಲಿಟರಿ ಬಂದೂಕ ಇರಬಹುದಾ?

ಬೆಳಗಾವಿಯಲ್ಲಿ ಪಲ್ಟನ್ ಕೇಂದ್ರ ಇರುವುದರಿಂದ ಈ ಕಥೆ ನಮ್ಮಲ್ಲಿ ಮನೆಮನೆಗೂ ಇದೆ. ಕಂದಕದ ಯುದ್ಧಕ್ಕೆಂದು ಪಂಪ್ ಬಂದೂಕು ಬಳಸಿದ್ದು ಮುಖ್ಯವಾಗಿ ಅಮೆರಿಕದ ಸೈನ್ಯ, ಅದರ ವಿರುದ್ಧ 1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಅಧಿಕೃತವಾಗಿ ಪ್ರತಿಭಟಿಸಿತ್ತು ಕೂಡ. ಅಂಥ ಬಂದೂಕಿನ ನಳಿಗೆ ಮೋಟು, ಮೇಲೆ ತೂತು ತೂತಿನ ಉಕ್ಕಿನ ಕವಚ, ಸಂಗೀನು ಸಿಕ್ಕಿಸುವ ಜಾಗ, ‘ಯು.ಎಸ್.’ ಮತ್ತು ಉರಿಯುವ ಬಾಂಬಿನ ಮುದ್ರೆ ಇರುತ್ತವೆ. ನಿಮ್ಮದು 28 ಅಥವಾ 30 ಇಂಚು ನಳಿಗೆಯದಾಗಿದ್ದು ಇವೇನೂ ಇಲ್ಲದಿದ್ದರೆ ಬೇಟೆಯ ಬಂದೂಕು. ಕಾಕಾ ಪಲ್ಟನ್‌ನಲ್ಲಿದ್ದದ್ದು ಸುಳ್ಳಲ್ಲ, ಬಂದೂಕನ್ನು ಅಂಗಡಿಯಲ್ಲಿ ಕೊಂಡಿರಬಹುದು.

## ಕಾಗದ, ಕಾಡತೂಸು, ಬೆಲೆ

ಬಂದೂಕಿನ ಮ್ಯಾಲ ನಂಬರ್ ಇಲ್ಲೇ ಇಲ್ಲ. ಕಳ್ಳಮಾಲಾ ಇದು?

ಇರಬೇಕೆಂದೇನಿಲ್ಲ. ಅಮೆರಿಕದಲ್ಲಿ ಎಲ್ಲ ಬಂದೂಕಿಗೂ ನಂಬರ್ ಕಡ್ಡಾಯವಾದದ್ದು 1968ರ ಕಾಯ್ದೆಯಿಂದ. ಅದಕ್ಕೂ ಹಿಂದೆ ಅಗ್ಗದ ಬಂದೂಕು, ಅದರಲ್ಲೂ ಅಂಗಡಿ ಹೆಸರಿನವು, ನಂಬರ್ ಇಲ್ಲದೆಯೇ ಹೊರಬಂದವು. ಮೂಲದಲ್ಲೇ ಇಲ್ಲದ್ದಕ್ಕೂ ಅಳಿಸಿದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ: ಅಳಿಸಿದ ಜಾಗ ತಗ್ಗಾಗಿರುತ್ತದೆ, ಅರದ ಗೆರೆ ಇರುತ್ತವೆ, ಸುತ್ತಲಿನ ನೀಲಿ ಬಣ್ಣಕ್ಕೂ ಅಲ್ಲಿನದಕ್ಕೂ ಹೊಂದುವುದಿಲ್ಲ.

ನಮ್ಮ ಕಾಯ್ದೆಯ 8ನೇ ಕಲಂ ಗುರುತು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ, ತಯಾರಕನ ಹೆಸರು, ನಂಬರ್ ಅಥವಾ ಬೇರೆ ಗುರುತು ಇಲ್ಲದ ಬಂದೂಕನ್ನು ಮಾರುವುದನ್ನೂ ಒಪ್ಪುವುದಿಲ್ಲ. ‘ಒಂದು ನಂಬರ್ ಹೊಡಿಸಿಬಿಡಿ’ ಎಂದು ಯಾರೋ ಹೇಳಿದ ಮಾತಿಗೆ ಹೋಗಬೇಡಿ. ಪರವಾನಿಗೆ ಕೊಡುವ ಅಧಿಕಾರಿಗೆ ತಿಳಿಸಿ, ಅವರು ಹೇಳಿದ ದಾರಿಯಲ್ಲೇ ನಡೆಯಿರಿ.

ಲೈಸೆನ್ಸಿನ್ಯಾಗ ಒಂದು ನಂಬರ್, ಬಂದೂಕಿನ ಮ್ಯಾಲ ಒಂದು ನಂಬರ್. ಯಾಕ ಹಿಂಗ?

ಬಹುಪಾಲು ಸಲ ಗುಮಾಸ್ತರು ಕಣ್ಣಿಗೆ ಮೊದಲು ಬಿದ್ದ ಅಂಕಿ ಬರೆದಿರುತ್ತಾರೆ: ಮಾದರಿಯ ‘1897’, ಪೇಟೆಂಟ್ ಸಂಖ್ಯೆ, ಜೋಡಿಸುವಾಗ ಹಾಕಿದ ಒಳಗಿನ ಅಂಕಿ. ನಮ್ಮ ಜಿಲ್ಲೆಗಳು 1956ರ ತನಕ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಳೆಯ ಪರವಾನಿಗೆ ಇಂಗ್ಲಿಷ್, ಮರಾಠಿ, ಮೋಡಿ (ಮರಾಠಿಯ ಹಳೆಯ ಓಡುಬರಹ) ಲಿಪಿಗಳಿಂದ ನಕಲಾಗುತ್ತಾ ಬಂದಿದೆ. ಪ್ರತಿ ನವೀಕರಣದಲ್ಲಿ 3 ಹೋಗಿ 8 ಆಗುವುದು, 1 ಹೋಗಿ 7 ಆಗುವುದು ಸಾಮಾನ್ಯ. ಈಗ ರಾಷ್ಟ್ರೀಯ ದತ್ತಾಂಶಕ್ಕೆ ಸೇರಿ ವಿಶಿಷ್ಟ ಸಂಖ್ಯೆ ಬಂದಿರುವುದರಿಂದ ಆ ತಪ್ಪೂ ಗಟ್ಟಿಯಾಗಿ ಕೂತಿದೆ. ಓರೆ ಬೆಳಕಿನ ಫೋಟೊ, ಸೀಸದಕಡ್ಡಿಯ ಅಚ್ಚು, ಹಳೆಯ ಪರವಾನಿಗೆಯ ಎಲ್ಲ ಪುಟ, ಚುನಾವಣೆಯಲ್ಲಿ ಜಮಾ ಮಾಡಿದ ಠಾಣೆಯ ರಸೀದಿಗಳು, ಇವಿಷ್ಟನ್ನು ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಕೊಡಿ. ರಸೀದಿ ಬಹಳ ಉಪಯೋಗಕ್ಕೆ ಬರುತ್ತದೆ. ಪೇದೆ ಬಂದೂಕನ್ನೇ ನೋಡಿ ಬರೆದಿರುತ್ತಾನೆ, ಹಳೆಯ ಕಾಗದ ನೋಡಿ ಅಲ್ಲ.

ಕಾಡತೂಸ ಸರಿಯಾಗಿ ಕೂಡತೈತಿ. ಹಾರಿಸಬಹುದಲ್ಲ?

ಕೂತರೆ ಸರಿಹೊಂದಿತು ಎಂದಲ್ಲ. ಕಾಡತೂಸಿನ ಬಾಯಿ ಹಾರಿದಾಗ ಬಿಚ್ಚಿಕೊಳ್ಳುತ್ತದೆ, ಅದರ ಉದ್ದ ಅಳೆಯುವುದು ಬಿಚ್ಚಿದ ಮೇಲೆ. ಮೊದಲ ಕಾಲದ 12 ಬೋರಿನ ವಿಂಚೆಸ್ಟರ್ 97ರ ಕೋಣೆ 2⅝ ಇಂಚು, ಅಂದರೆ 67 ಮಿ.ಮೀ. ಹತ್ತಿರ. 70 ಮಿ.ಮೀ. ಕಾಡತೂಸು ಮುಚ್ಚಿದಾಗ ಅದರೊಳಗೆ ಹಾಯಾಗಿ ಕೂರುತ್ತದೆ, ಹಾರಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಖಡಕಿ ಕಾರ್ಖಾನೆಯ ಶಕ್ತಿಮಾನ್ ಕಾಡತೂಸಾಗಲಿ ಬೇರೆ ಯಾವುದೇ ಆಗಲಿ, ಡಬ್ಬಿಯ ಮೇಲಿನ ಉದ್ದ ಓದಿ, ಕೋಣೆಯ ಅಳತೆ ಬಂದೂಕು ಕೆಲಸಗಾರನಿಂದ ಮಾಡಿಸಿ.

ಮದುವೆಯಲ್ಲಿ ಗಾಳಿಗೆ ಹಾರಿಸುವ ಆಸೆ ಇದ್ದರೆ ಬಿಟ್ಟುಬಿಡಿ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನಳಿಗಿ ತುದಿ ಒಡದೈತಿ. ಕೊಯ್ದು ಸಣ್ಣದ ಮಾಡಿಸಿದ್ರ ನಡಿತೈತಾ?

ಇಲ್ಲ. ಕೊಯ್ಯುವುದಕ್ಕೇ 6ನೇ ಕಲಂ ಪ್ರಕಾರ ಪರವಾನಿಗೆ ಬೇಕು. ನಳಿಗೆ 20 ಇಂಚಿಗಿಂತ ಕಡಿಮೆಯಾದರೆ ಬಂದೂಕು ನಿರ್ಬಂಧಿತ ವರ್ಗಕ್ಕೆ ಹೋಗುತ್ತದೆ, ನಿಮ್ಮ ಸಾದಾ ಪರವಾನಿಗೆ ಅದಕ್ಕೆ ಸಲ್ಲುವುದಿಲ್ಲ.

ನೂರು ವರ್ಷದ್ದಂದ್ರ ಆ್ಯಂಟಿಕ್. ಲೈಸೆನ್ಸ್ ಬೇಡ, ಲಕ್ಷಗಟ್ಟಲೆ ಬೆಲಿ ಅಂತಾರಲ್ಲ?

ಎರಡೂ ಅರ್ಧ ಸತ್ಯ. ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ 45ನೇ ಕಲಂ ವಿನಾಯಿತಿ ಕೊಡುತ್ತದೆ ನಿಜ. ಆದರೆ ರಿಪೇರಿ ಮಾಡಿಯೂ ಮಾಡದೆಯೂ ಬಂದೂಕಾಗಿ ಬಳಸಲು ಬಾರದಂತಿರಬೇಕು ಎಂಬ ಮಾತು ಅದರಲ್ಲೇ ಇದೆ. ನೂರು ವರ್ಷದ ವಿಂಚೆಸ್ಟರ್ 97 ಇಂದಿಗೂ 12 ಬೋರಿನ ಕಾಡತೂಸು ಹಾರಿಸಬಲ್ಲದು, ಅದಕ್ಕೆ ಪರವಾನಿಗೆ ಬೇಕೇ ಬೇಕು.

ಬೆಲೆಯ ವಿಷಯ: 1980ರ ದಶಕದ ಮಧ್ಯದಿಂದ ಖಾಸಗಿ ಆಮದು ಬಹುತೇಕ ನಿಂತದ್ದರಿಂದ ಹೊರದೇಶದ ಒಳ್ಳೆಯ ಬಂದೂಕಿಗೆ ಇಲ್ಲಿ ಗಿರಾಕಿ ಇದ್ದಾರೆ. ಆದರೆ ಗಿರಾಕಿಗೂ ಪರವಾನಿಗೆ ಬೇಕು, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಈಗ ಇಲ್ಲ, ವಂಶದಿಂದ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ಮಾರುವ ಮುನ್ನ ಅಧಿಕಾರಿಗೂ ಠಾಣೆಗೂ ತಿಳಿಸಿ 45 ದಿನ ಕಾಯಬೇಕು. ಹೊಸದಾಗಿ ಪಾಲಿಶ್ ಮಾಡಿಸಿ ಬಣ್ಣ ಏರಿಸಿದ ಬಂದೂಕಿಗಿಂತ, ಕಂದಿದ್ದರೂ ಅಕ್ಷರ ಚೂಪಾಗಿ ಉಳಿದದ್ದಕ್ಕೆ ತಿಳಿದವರು ಹೆಚ್ಚು ಕೊಡುತ್ತಾರೆ.

ಅಮೆರಿಕಾದ ಕಂಪನಿಗೆ ಪತ್ರ ಬರದ್ರ ನಮ್ಮ ಬಂದೂಕ ಯಾರಿಗೆ ಮಾರಿದ್ರು ಅಂತ ಹೇಳ್ತಾರಾ?

ಹಳೆಯ ವಿಂಚೆಸ್ಟರ್‌ಗೆ ಒಂದು ದಾರಿ ಇದೆ. ಆ ಕಾರ್ಖಾನೆಯ ಉಳಿದ ದಾಖಲೆ ಪುಸ್ತಕಗಳು ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿವೆ. ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಪತ್ರ ಕಳಿಸುತ್ತಾರೆ. ಮಾಡೆಲ್ 97ರಲ್ಲಿ ಮೊದಲ ವರ್ಷಗಳ ಬಂದೂಕಿಗಷ್ಟೇ ದಾಖಲೆ ಇದೆ, ಆಮೇಲಿನವಕ್ಕೆ ಇಲ್ಲ. ಸಿಕ್ಕರೂ ಅದರಲ್ಲಿ ಇರುವುದು ಬೋರ್, ನಳಿಗೆಯ ಉದ್ದ, ಗೋದಾಮಿನಿಂದ ಹೊರಟ ದಿನ ಇಂಥ ವಿವರ. ಜಮಖಂಡಿಗೋ ರಾಮದುರ್ಗಕ್ಕೋ ಬಂದ ಕಥೆ ಅಲ್ಲಿರುವುದಿಲ್ಲ.

ಆ ಕಥೆ ಬೇಕಾದರೆ ಹುಡುಕಬೇಕಾದದ್ದು ಇಲ್ಲಿನ ಕಾಗದಗಳಲ್ಲಿ. ನಿಮ್ಮೂರು ಮುಂಬಯಿ ಸರ್ಕಾರದ ನೇರ ಆಡಳಿತದಲ್ಲಿತ್ತೇ, ಇಲ್ಲವೇ ಮುಧೋಳ, ಜಮಖಂಡಿ, ರಾಮದುರ್ಗ, ಸಾಂಗಲಿ, ಕೊಲ್ಹಾಪುರ ಇವುಗಳಲ್ಲಿ ಯಾವ ಸಂಸ್ಥಾನಕ್ಕೆ ಸೇರಿತ್ತು ಎಂಬುದು ಮೊದಲು ಗೊತ್ತಾಗಬೇಕು. ಬೆಳಗಾವಿಯ ಶಹಾಪುರ ಸಾಂಗಲಿಯದು, ರಾಯಬಾಗ ಕೊಲ್ಹಾಪುರದ್ದು. ಪಕ್ಕಪಕ್ಕದ ಊರಿನ ಕಾಗದ ಬೇರೆ ಬೇರೆ ದಫ್ತರಕ್ಕೆ ಹೋಗಿರುತ್ತದೆ. ಮುಂಬಯಿ ಪ್ರಾಂತ್ಯದ ಕಡತಗಳು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ, ಕೊಲ್ಹಾಪುರದ್ದಕ್ಕೆ ಕೊಲ್ಹಾಪುರದಲ್ಲೇ ಪತ್ರಾಗಾರ ಇದೆ. ಹೋಗುವ ಮುಂಚೆ ಮೋಡಿ ಓದಬಲ್ಲ ಒಬ್ಬರನ್ನು ಜೊತೆ ಮಾಡಿಕೊಳ್ಳಿ, ಮತ್ತು ಮನೆಯಲ್ಲಿರುವ ಹಳೆಯ ಪರವಾನಿಗೆಯ ಮೊದಲ ಪುಟದ ನಕಲು ಒಯ್ಯಿರಿ. ಅದರ ಮೇಲಿನ ಮುದ್ರೆ ಯಾವ ಕಚೇರಿಯದು ಎಂಬುದೇ ಯಾವ ಕಪಾಟು ತೆರೆಸಬೇಕೆಂದು ಹೇಳುತ್ತದೆ.